ಬೋರ್ಡಿನಲ್ಲಿ ನೂರು, ಮುಳ್ಳಿನಲ್ಲಿ ನೂರಿಪ್ಪತ್ತು

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ. ಬಿಡದಿ ದಾಟಿದ ಮೇಲೆ ಬಲಗಡೆಯ ಲೇನಿನಲ್ಲಿ ಸರಿಯಾಗಿ ನೂರರಲ್ಲೇ ಹೋಗಿ ನೋಡಿ, ಹಿಂದಿನಿಂದ ಯಾರಾದರೊಬ್ಬರು ಹೆಡ್‌ಲೈಟ್ ಹೊಡೆಯದೆ ಬಿಡುವುದಿಲ್ಲ. ಮದ್ದೂರು ವಡೆಗೆಂದು ಸರ್ವಿಸ್ ರೋಡಿಗೆ ಇಳಿದವರ ಮಾತಿಗೆ ಕಿವಿಗೊಟ್ಟರೆ ಈ ನೂರರ ಬಗ್ಗೆ ತಲೆಗೊಂದು ಸಿದ್ಧಾಂತ ಸಿಗುತ್ತದೆ. ಫೈನ್ ವಸೂಲಿಗೆ ಇಟ್ಟ ಸಂಖ್ಯೆ ಅದು; ರಸ್ತೆ ಕಟ್ಟಿದ್ದೇ ನೂರಿಪ್ಪತ್ತಕ್ಕೆ; ನಿಧಾನ ಹೋಗುವವರಿಂದಲೇ ಅಪಘಾತ; ಜರ್ಮನಿಯಲ್ಲಿ ಮಿತಿಯೇ ಇಲ್ಲವಲ್ಲ! ಇವುಗಳಲ್ಲಿ ಶುದ್ಧ ಸುಳ್ಳು ಕಡಿಮೆ, ಅರ್ಧ ಸತ್ಯವೇ ಹೆಚ್ಚು. ಹಾಗಾಗಿ ಒಂದೊಂದನ್ನೂ ಬಿಡಿಸಿ ನೋಡಬೇಕು.

ತಪ್ಪು ಕಲ್ಪನೆ: ಮಿತಿ ಎಂದರೆ ಯಾರೋ ಅಧಿಕಾರಿ ಕುರ್ಚಿಯಲ್ಲಿ ಕೂತು ಮನಸ್ಸಿಗೆ ಬಂದಂತೆ ಬರೆದ ಸಂಖ್ಯೆ

ಮೋಟಾರು ವಾಹನ ಕಾಯ್ದೆಯ 112ನೇ ಕಲಂ ಇದಕ್ಕೆ ಎರಡು ಮೆಟ್ಟಿಲು ಇಟ್ಟಿದೆ. ಗರಿಷ್ಠ ವೇಗವನ್ನು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಗೊತ್ತುಮಾಡುತ್ತದೆ. ಯಾವ ರಾಜ್ಯವೂ ಅದನ್ನು ಏರಿಸುವಂತಿಲ್ಲ, ಇಳಿಸಬಹುದು. ಸಾರ್ವಜನಿಕರ ಸುರಕ್ಷತೆ, ಅನುಕೂಲ, ಇಲ್ಲವೇ ಆ ರಸ್ತೆಯ ಅಥವಾ ಸೇತುವೆಯ ಸ್ವರೂಪ ನೋಡಿ ರಾಜ್ಯ ಸರ್ಕಾರವೋ ಅದು ಅಧಿಕಾರ ಕೊಟ್ಟ ಪ್ರಾಧಿಕಾರವೋ ಕಡಿಮೆ ಮಿತಿ ಹಾಕಬಹುದು. ಹಾಕಿದರೆ ಗೆಜೆಟ್‌ನಲ್ಲಿ ಪ್ರಕಟಿಸಬೇಕು, ಸ್ಥಳದಲ್ಲಿ ಫಲಕವನ್ನೂ ನೆಡಬೇಕು. ಗೆಜೆಟ್‌ನಲ್ಲಿದ್ದು ರಸ್ತೆಯಲ್ಲಿ ಫಲಕವಿಲ್ಲದಿದ್ದರೆ ಕೆಲಸ ಅರ್ಧವೇ ಆದಂತೆ.

2018ರ ಏಪ್ರಿಲ್‌ನಲ್ಲಿ ಕೇಂದ್ರ ಹೊರಡಿಸಿದ ಅಧಿಸೂಚನೆ ಕಾರುಗಳಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ 120, ಡಿವೈಡರ್ ಇರುವ ನಾಲ್ಕು ಲೇನ್ ಮತ್ತು ಅದಕ್ಕೂ ಅಗಲದ ರಸ್ತೆಗಳಲ್ಲಿ 100, ನಗರ ವ್ಯಾಪ್ತಿಯ ಮತ್ತು ಉಳಿದ ರಸ್ತೆಗಳಲ್ಲಿ 70 ಎಂದಿತು. ರಸ್ತೆ ಸುಧಾರಿಸಿದೆ, ಎಂಜಿನ್ ಸುಧಾರಿಸಿದೆ ಎಂಬುದು ಏರಿಕೆಗೆ ಕೊಟ್ಟ ಸಮರ್ಥನೆ. 2021ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಒಪ್ಪದೆ ಅಧಿಸೂಚನೆಯನ್ನೇ ರದ್ದುಪಡಿಸಿತು. ಎಂಜಿನ್ ಸುಧಾರಿಸಿದರೇನು, ಅದನ್ನು ಓಡಿಸುವ ಮನುಷ್ಯನ ಕಣ್ಣು, ಕಾಲು ಹಳೆಯವೇ ತಾನೆ? ಕೋರ್ಟಿನ ಮಾತಲ್ಲ ಇದು, ನನ್ನದು. ಮೈಸೂರು ರಸ್ತೆಯನ್ನು ನಾವು ಬಾಯಿಮಾತಿನಲ್ಲಿ ಎಕ್ಸ್‌ಪ್ರೆಸ್‌ವೇ ಎನ್ನುತ್ತೇವೆ. ದಾಖಲೆಯಲ್ಲಿ ಅದು ರಾಷ್ಟ್ರೀಯ ಹೆದ್ದಾರಿ 275, ಹಾಗಾಗಿ ಎಕ್ಸ್‌ಪ್ರೆಸ್‌ವೇಯ 120 ಅದಕ್ಕೆ ಸಲ್ಲದು.

ಅಂದರೆ ಈ ಸಂಖ್ಯೆಯ ಹಿಂದೆ ಕಾನೂನು, ಅಧಿಸೂಚನೆ, ವ್ಯಾಜ್ಯ ಎಲ್ಲವೂ ಇವೆ. ಹಾಗೆಂದು ಪ್ರತಿ ಮಿತಿಯೂ ಸುರಕ್ಷತೆಯ ಲೆಕ್ಕದಿಂದಲೇ ಹುಟ್ಟಿದ್ದೆಂದು ತಿಳಿಯಬೇಕಿಲ್ಲ. ಅಮೆರಿಕ 1974ರಲ್ಲಿ ಇಡೀ ದೇಶಕ್ಕೆ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿ.ಮೀ. ಮಿತಿ ಹೇರಿದ್ದು ಪೆಟ್ರೋಲ್ ಉಳಿಸಲು. ಅರಬ್ ದೇಶಗಳು ತೈಲ ನಿಲ್ಲಿಸಿದ್ದ ಕಾಲ ಅದು. ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಆ ಕಾಯ್ದೆಯ ಹೆಸರಿನಲ್ಲೇ ಇಂಧನ ಉಳಿತಾಯ ಎಂದಿತ್ತು. ತೈಲ ಮತ್ತೆ ಹರಿದು ಬಂದಿತು, ಮಿತಿ ಮಾತ್ರ 1995ರವರೆಗೂ ಒಂದಲ್ಲ ಒಂದು ರೂಪದಲ್ಲಿ ಉಳಿಯಿತು.

ತಪ್ಪು ಕಲ್ಪನೆ: ಬೋರ್ಡಿನಲ್ಲಿ 100 ಇದ್ದರೆ ಎಲ್ಲರಿಗೂ 100

ಇಲ್ಲ. 2018ರ ಅದೇ ಪಟ್ಟಿಯಲ್ಲಿ ಡಿವೈಡರ್ ಇರುವ ನಾಲ್ಕು ಲೇನ್ ರಸ್ತೆಯಲ್ಲಿ ಬಸ್ಸಿಗೆ 90, ಲಾರಿಗೆ 80, ಬೈಕಿಗೆ 80, ಆಟೋಗೆ 50 ಎಂದಿತ್ತು. ಹಳದಿ ಬೋರ್ಡಿನ ಕ್ಯಾಬ್ 80 ಮುಟ್ಟಿದ ಮೇಲೆ ಎಷ್ಟು ಒತ್ತಿದರೂ ಏರದಿರುವುದು ಸ್ಪೀಡ್ ಗವರ್ನರ್‌ನಿಂದ. ಅದು ಡ್ರೈವರ್ ಅಣ್ಣನ ಸೋಮಾರಿತನವಲ್ಲ, ಹಿಂದಿನ ಸೀಟಿನಿಂದ ಅವಸರಿಸಿ ಫಲವಿಲ್ಲ.

ತಪ್ಪು ಕಲ್ಪನೆ: ರಸ್ತೆಯನ್ನು ಇಷ್ಟು ವೇಗಕ್ಕೆಂದೇ ಕಟ್ಟಿದ್ದಾರೆ, ಹಾಗಾದರೆ ಅಷ್ಟರಲ್ಲಿ ಹೋಗಬಹುದು

ಎಂಜಿನಿಯರುಗಳು ರಸ್ತೆಯ ನಕ್ಷೆ ಬರೆಯುವ ಮೊದಲು ಒಂದು ವಿನ್ಯಾಸ ವೇಗ ಇಟ್ಟುಕೊಳ್ಳುತ್ತಾರೆ ಎಂಬುದು ನಿಜ. ತಿರುವಿನ ಅಗಲ, ತಿರುವಿನಲ್ಲಿ ರಸ್ತೆ ಎಷ್ಟು ವಾಲಬೇಕು, ದಿಬ್ಬ ಏರುವಾಗ ಮುಂದೆ ಎಷ್ಟು ದೂರ ಕಾಣಬೇಕು, ಎಲ್ಲವೂ ಆ ವೇಗದಿಂದ ಹೊರಡುತ್ತವೆ. ಆದರೆ ಆ ಲೆಕ್ಕ ಸಾಕಷ್ಟು ಷರತ್ತುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡಿರುತ್ತದೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ನಮ್ಮ ದೇಶದ ರಸ್ತೆಗಳ ಮಾನದಂಡ ಬರೆಯುತ್ತದೆ. ಅದರ ಪ್ರಕಾರ 100 ಕಿ.ಮೀ. ವೇಗಕ್ಕೆ ಚಾಲಕನಿಗೆ ಎದುರಿನ ರಸ್ತೆ ಕನಿಷ್ಠ 180 ಮೀಟರ್ ಕಾಣಬೇಕು. 50ಕ್ಕೆ 60 ಮೀಟರ್ ಸಾಕು. ವೇಗ ಎರಡು ಪಟ್ಟಾದರೆ ಬೇಕಾದ ದೂರ ಮೂರು ಪಟ್ಟು! ಚಾಲಕ ಅಪಾಯ ಕಂಡು, ಅರ್ಥಮಾಡಿಕೊಂಡು, ಬ್ರೇಕ್ ಮೇಲೆ ಕಾಲಿಡಲು ಎರಡೂವರೆ ಸೆಕೆಂಡ್ ಎಂದು ಆ ಲೆಕ್ಕ ಹಿಡಿದಿದೆ. ನೂರರ ವೇಗದಲ್ಲಿ ಅಷ್ಟು ಹೊತ್ತಿಗೇ ಗಾಡಿ ಸುಮಾರು 70 ಮೀಟರ್ ಮುಂದೆ ಹೋಗಿರುತ್ತದೆ. ಹಗಲು ಹೊತ್ತು ಮೈಸೂರು ರಸ್ತೆಯಲ್ಲಿ 180 ಮೀಟರ್ ಧಾರಾಳವಾಗಿ ಕಾಣುತ್ತದೆ. ರಾತ್ರಿ ಡಿಮ್ ಲೈಟಿನಲ್ಲಿ ಕಾಣುವುದಿಲ್ಲ. ಬ್ಲಿಂಕರ್ ಹಾಕದೆ ಎಡಬದಿಯಲ್ಲಿ ಕೆಟ್ಟು ನಿಂತ ಲಾರಿ ಕಣ್ಣಿಗೆ ಬೀಳುವಷ್ಟರಲ್ಲಿ ವಿನ್ಯಾಸ ವೇಗದ ವಾಗ್ದಾನ ಮುಗಿದುಹೋಗಿರುತ್ತದೆ.

ಇಪ್ಪತ್ತು ಕಿಲೋಮೀಟರ್ ಹೆಚ್ಚಾದರೆ ಏನಾಗಿಬಿಡುತ್ತದೆ ಎನ್ನುವವರಿಗಾಗಿ ಶಾಲೆಯ ಭೌತಶಾಸ್ತ್ರದಲ್ಲೇ ಮಾಡಬಹುದಾದ ಒಂದು ಲೆಕ್ಕ. ಒಣ ಡಾಂಬರು, ಒಳ್ಳೆಯ ಟೈರು, ಚುರುಕಾದ ಚಾಲಕ. ಬ್ರೇಕ್ ಒತ್ತಲು ಒಂದೇ ಸೆಕೆಂಡ್ ಎನ್ನೋಣ. ಎರಡು ಕಾರು ಅಕ್ಕಪಕ್ಕ ಬರುತ್ತಿವೆ, ಒಂದು ನೂರರಲ್ಲಿ, ಇನ್ನೊಂದು ನೂರಿಪ್ಪತ್ತರಲ್ಲಿ. ಇಬ್ಬರಿಗೂ ಒಂದೇ ಕ್ಷಣದಲ್ಲಿ ಎದುರಿಗೆ ಹಸು ಕಾಣುತ್ತದೆ. ನೂರರ ಕಾರು ಸುಮಾರು 83 ಮೀಟರಿನಲ್ಲಿ ಪೂರ್ತಿ ನಿಲ್ಲುತ್ತದೆ, ಹಸುವಿನ ಮೂತಿಗೆ ಒಂದು ಅಡಿ ಇರುವಾಗ ಎಂದೇ ಇಟ್ಟುಕೊಳ್ಳಿ. ಅದೇ ಜಾಗದಲ್ಲಿ ನೂರಿಪ್ಪತ್ತರ ಕಾರಿನ ವೇಗ ಎಷ್ಟಿರುತ್ತದೆ? ಹೆಚ್ಚಿನವರ ಊಹೆ ಇಪ್ಪತ್ತು. ಲೆಕ್ಕ ಹೇಳುವುದು 73. ಊರೊಳಗೆ 50 ಮತ್ತು 60ರ ನಡುವೆಯೂ ಇದೇ ಕಥೆ: 50ರ ಬೈಕೋ ಕಾರೋ ನಿಂತ ಜಾಗವನ್ನು 60ರದು ಸುಮಾರು 40ರ ವೇಗದಲ್ಲಿ ಹಾಯುತ್ತದೆ.

ತಪ್ಪು ಕಲ್ಪನೆ: ಬಹುಪಾಲು ಜನ ಓಡಿಸುವ ವೇಗವೇ ಸರಿಯಾದ ವೇಗ, ನಿಧಾನ ಹೋಗುವವರೇ ಅಪಾಯ

ಇದು ಅಡ್ಡಾದಿಡ್ಡಿ ಮಾತಲ್ಲ. ಸಂಚಾರ ಎಂಜಿನಿಯರಿಂಗ್ ಶಾಸ್ತ್ರವೇ ದಶಕಗಟ್ಟಲೆ ಹೀಗೆ ಯೋಚಿಸಿತ್ತು, ಅಮೆರಿಕದಲ್ಲಿ ಇಂದಿಗೂ ಒಂದಿಷ್ಟು ಹೀಗೇ ಯೋಚಿಸುತ್ತದೆ.

ವಿಧಾನ ಸರಳ. ದಟ್ಟಣೆಯಿಲ್ಲದ ಹೊತ್ತು ನೋಡಿ, ರಸ್ತೆ ಒಣಗಿರುವಾಗ, ಚಾಲಕರ ಕಣ್ಣಿಗೆ ಬೀಳದಂತೆ ಬದಿಯಲ್ಲಿ ನಿಂತು ವಾಹನಗಳ ವೇಗ ಅಳೆಯುವುದು. ಅವನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆದು, ನೂರಕ್ಕೆ 85 ಮಂದಿ ಯಾವ ವೇಗದೊಳಗೆ ಇದ್ದಾರೋ ಅದನ್ನು ಗುರುತಿಸುವುದು. ಅದರ ಹತ್ತಿರದ ಐದರ ಗುಣಕಕ್ಕೆ ಸರಿಹೊಂದಿಸಿ ಫಲಕ ನೆಡುವುದು. ಬಹುತೇಕ ಜನ ವಿವೇಕಿಗಳು, ಅವರು ಆರಿಸಿಕೊಂಡ ವೇಗ ಆ ರಸ್ತೆಗೆ ಹೊಂದಿದ್ದೇ ಆಗಿರುತ್ತದೆ, ಉಳಿದ 15 ಮಂದಿಯನ್ನು ಪೊಲೀಸರು ನೋಡಿಕೊಳ್ಳಲಿ ಎಂಬ ತರ್ಕ ಇದರದು. ಪ್ರಜಾಪ್ರಭುತ್ವದ ವಾಸನೆ ಇರುವುದರಿಂದ ಕೇಳಲು ಚೆನ್ನಾಗಿದೆ.

ಇದಕ್ಕೆ ಬಲ ಕೊಟ್ಟಿದ್ದು 1964ರಲ್ಲಿ ಡೇವಿಡ್ ಸೊಲೊಮನ್ ಎಂಬವರು ಪ್ರಕಟಿಸಿದ ಅಧ್ಯಯನ. ಸರಾಸರಿಗಿಂತ ಬಹಳ ವೇಗವಾಗಿ ಹೋಗುವವರಂತೆ ಬಹಳ ನಿಧಾನ ಹೋಗುವವರೂ ಹೆಚ್ಚು ಅಪಘಾತಕ್ಕೆ ಸಿಗುತ್ತಾರೆ ಎಂದು ಅವರ ನಕ್ಷೆ ತೋರಿಸಿತು. ಸರಾಸರಿಯ ಆಸುಪಾಸಿನಲ್ಲಿ ಅಪಾಯ ಕನಿಷ್ಠ. ಮುಂದೆ ಅದನ್ನು ಕೆದಕಿದವರಿಗೆ ತೊಡಕುಗಳು ಕಂಡವು. ಅಪಘಾತಕ್ಕೆ ಮುಂಚಿನ ವೇಗ ಪೊಲೀಸ್ ವರದಿಯ ಅಂದಾಜು. ಜೊತೆಗೆ ‘ನಿಧಾನ’ದ ಗುಂಪಿನಲ್ಲಿ ಅಡ್ಡರಸ್ತೆಗೆ ತಿರುಗಲೆಂದು ವೇಗ ತಗ್ಗಿಸಿದವರೂ, ಆಗತಾನೆ ಹೆದ್ದಾರಿಗೆ ಸೇರಿಕೊಂಡವರೂ ಇದ್ದರು. ಅವರಿಗೆ ಡಿಕ್ಕಿ ಆದದ್ದು ತಿರುಗುವ ಜಾಗದ ಕಾರಣದಿಂದ; ಅಜ್ಜನೊಬ್ಬ ತಣ್ಣಗೆ ಅರವತ್ತರಲ್ಲಿ ಹೋಗುತ್ತಿದ್ದ ಎಂಬ ಕಾರಣದಿಂದಲ್ಲ.

ಇನ್ನೂ ದೊಡ್ಡ ತೊಡಕು ವಿಧಾನದ ಒಳಗೇ ಇದೆ. ಫಲಕದಲ್ಲಿ ಹತ್ತು ಏರಿಸಿದರೆ ಕೆಲವರು ಐದು ಏರುತ್ತಾರೆ. ಮತ್ತೆ ಅಳೆದರೆ 85ನೆಯವನ ವೇಗ ಮೇಲೆ ಹೋಗಿರುತ್ತದೆ, ಫಲಕವನ್ನು ಮತ್ತೆ ಏರಿಸಬೇಕಾಗುತ್ತದೆ. ಅಳತೆಯ ಸಾಲಿನಲ್ಲಿ ಕಾರಿನವರು ಮಾತ್ರ ಇರುತ್ತಾರೆ; ರಸ್ತೆ ದಾಟಲಾಗದೆ ನಿಂತ ಹೆಂಗಸು, ಸೈಕಲ್ಲಿನ ಹುಡುಗ ಯಾವ ಶೇಕಡಾವಾರಿನಲ್ಲೂ ಇಲ್ಲ. 2017ರಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯೇ ಈ ವಿಧಾನದ ಮೇಲಿನ ಅವಲಂಬನೆ ಕಡಿಮೆ ಮಾಡಿ ಎಂದಿತು. 2023ರ ಕೊನೆಯಲ್ಲಿ ಬಂದ ಅಲ್ಲಿನ ಸಂಚಾರ ಚಿಹ್ನೆಗಳ ಕೈಪಿಡಿ ಅಕ್ಕಪಕ್ಕದ ಬಳಕೆ, ಪಾದಚಾರಿಗಳು, ಅಪಘಾತದ ಇತಿಹಾಸವನ್ನೂ ತೂಗಬೇಕೆಂದು ಹೇಳುತ್ತದೆ.

ಸ್ವೀಡನ್ ಇನ್ನೊಂದು ತುದಿಯಿಂದ ಹೊರಟಿತು. 1997ರಲ್ಲಿ ಅಲ್ಲಿನ ಸಂಸತ್ತು ಒಪ್ಪಿದ ‘ವಿಷನ್ ಝೀರೋ’ ಕೇಳುವ ಪ್ರಶ್ನೆ ಬೇರೆ: ಇಲ್ಲಿ ತಪ್ಪು ನಡೆದರೆ ಮನುಷ್ಯನ ಮೈ ಎಷ್ಟು ತಡೆದುಕೊಳ್ಳುತ್ತದೆ? ಕಾರು ಮತ್ತು ನಡೆಯುವವರು ಎದುರಾಗುವಲ್ಲಿ 30, ಅಡ್ಡಡ್ಡ ಡಿಕ್ಕಿ ಸಾಧ್ಯವಿರುವ ಕೂಡುರಸ್ತೆಯಲ್ಲಿ 50, ಡಿವೈಡರ್ ಇಲ್ಲದೆ ಎದುರುಬದುರು ಬರುವಲ್ಲಿ 70, ಅದಕ್ಕಿಂತ ಹೆಚ್ಚು ಬೇಕಿದ್ದರೆ ಇವು ಯಾವುವೂ ಆಗದಂತೆ ರಸ್ತೆ ಕಟ್ಟಬೇಕು. ಕಾರಿನ ಮುಂಭಾಗ ಬಡಿದಾಗ ಪಾದಚಾರಿ ಸಾಯುವ ಅಪಾಯ 50ರಿಂದ 65ಕ್ಕೆ ಏರುವಷ್ಟರಲ್ಲಿ ನಾಲ್ಕೂವರೆ ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಮ್ಮ ರಸ್ತೆಗೆ ಯಾವುದು ಹೊಂದುತ್ತದೆ? ಮಂಡ್ಯದ ಹಳೆಯ ರಸ್ತೆಯನ್ನು ನೆನಪಿಸಿಕೊಳ್ಳಿ. ಕಬ್ಬು ಅರೆಯುವ ಕಾಲದಲ್ಲಿ ಟ್ರೇಲರ್‌ನಿಂದ ಎರಡೂ ಬದಿ ಚಾಚಿದ ಜಲ್ಲೆಗಳೊಂದಿಗೆ ಇಪ್ಪತ್ತರಲ್ಲಿ ತೆವಳುವ ಟ್ರ್ಯಾಕ್ಟರು, ಅದರ ಹಿಂದೆ ನಲವತ್ತರ ಟಿವಿಎಸ್, ಅದರ ಹಿಂದೆ ತೊಂಬತ್ತಕ್ಕೆ ತವಕಿಸುವ ಕಾರು. ಇವರೆಲ್ಲರ ವೇಗ ಸಾಲಾಗಿ ಬರೆದು 85ನೆಯದನ್ನು ಹಿಡಿದರೆ ಬರುವ ಸಂಖ್ಯೆ ಯಾರಿಗೂ ಸೇರಿದ್ದಲ್ಲ. ಹೊಸ ಹೆದ್ದಾರಿಯ ಮುಖ್ಯ ಪಥದಿಂದ 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರುಗಳನ್ನು ಹೊರಗಿಟ್ಟಿದ್ದು ವೇಗಗಳ ಈ ಅಂತರದ ಕಾರಣಕ್ಕೇ. ಸರ್ವಿಸ್ ರೋಡು ಚೆನ್ನಾಗಿಲ್ಲದೆಡೆ ಇದರ ಬೆಲೆ ತೆತ್ತವರು ಅಕ್ಕಪಕ್ಕದ ಹಳ್ಳಿಯವರು ಎಂಬುದನ್ನೂ ಹೇಳಬೇಕು.

ತಪ್ಪು ಕಲ್ಪನೆ: ಫಲಕ ಬದಲಿಸಿದರೆ ವೇಗ ಬದಲಾಗುತ್ತದೆ (ಅಥವಾ, ಏನೂ ಬದಲಾಗುವುದಿಲ್ಲ)

ಎರಡೂ ತಪ್ಪು, ಅದಕ್ಕೇ ಒಟ್ಟಿಗೆ ಇಟ್ಟಿದ್ದೇನೆ. 2023ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಭಾಗವಾದ ವೇಲ್ಸ್ ಊರೊಳಗಿನ ಸಾಮಾನ್ಯ ಮಿತಿಯನ್ನು 30 ಮೈಲಿಯಿಂದ 20ಕ್ಕೆ, ಅಂದರೆ 48 ಕಿ.ಮೀ.ಯಿಂದ 32ಕ್ಕೆ ಇಳಿಸಿತು. ಜನರ ಸಿಟ್ಟು ಕಡಿಮೆಯದಾಗಿರಲಿಲ್ಲ. ಮಿತಿ ಹತ್ತು ಮೈಲಿ ಇಳಿದರೂ ಸರಾಸರಿ ವೇಗ ಇಳಿದದ್ದು ಕೆಲವೇ ಮೈಲಿ. ಸೋಲು ಎನ್ನಿಸುತ್ತದಲ್ಲವೆ? ಸಂಶೋಧಕರ ಲೆಕ್ಕದಲ್ಲಿ ಅದು ಸೋಲಲ್ಲ. ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವು ತರುವ ಅಪಘಾತದ ಅಪಾಯ ಸುಮಾರು ಶೇ 4ರಷ್ಟು ಏರುತ್ತದೆ, ಇಳಿದರೆ ಹಾಗೇ ಇಳಿಯುತ್ತದೆ. ಸ್ವೀಡನ್ನಿನ ಯೋರಾನ್ ನಿಲ್ಸನ್ ಕಟ್ಟಿದ ಸೂತ್ರದ ಸಾರ ಇದು. ಚಾಲಕನಿಗೆ ಗೊತ್ತೇ ಆಗದಷ್ಟು ಚಿಕ್ಕ ಇಳಿಕೆ ಊರಿನ ಲೆಕ್ಕದಲ್ಲಿ ದೊಡ್ಡದು.

ಜನ ಪೂರ್ತಿ ಇಳಿಯದಿರುವುದು ಏಕೆ? ಚಾಲಕ ಫಲಕಕ್ಕಿಂತ ಹೆಚ್ಚಾಗಿ ರಸ್ತೆಯನ್ನೇ ಓದುತ್ತಾನೆ. ಅಗಲವಾದ ಲೇನು, ನೇರ ನೋಟ, ಬದಿಯಲ್ಲಿ ಬಯಲು, ಮುಂದಿನವನ ವೇಗ, ಇವೆಲ್ಲ ಸೇರಿ ಅವನ ಕಾಲಿಗೆ ಹೇಳುವ ಮಾತು ಕೆಂಪು ವೃತ್ತದೊಳಗಿನ ಸಂಖ್ಯೆಗಿಂತ ಗಟ್ಟಿ. ನೈಸ್ ರಸ್ತೆಯಷ್ಟು ಅಗಲ ಮಾಡಿಟ್ಟು 40ರ ಫಲಕ ನೆಟ್ಟರೆ ಅದನ್ನು ನಂಬುವವರು ಯಾರು? ಇನ್ನೊಂದು ಮೋಸ ಕಣ್ಣಿನದೇ. ಒಂದು ಗಂಟೆ ನೂರರಲ್ಲಿ ಬಂದವನು ಕುಂಬಳಗೋಡು ದಾಟಿ ಕೆಂಗೇರಿಯ ಕಡೆ ಬರುವಾಗ 70 ಅವನಿಗೆ ತೆವಳಿದಂತೆ ಅನ್ನಿಸುತ್ತದೆ. ಮುಳ್ಳು ನೋಡದೆ ವೇಗ ಅಂದಾಜು ಮಾಡುವವರೆಲ್ಲ ಈ ಹೊತ್ತಿನಲ್ಲಿ ಎಡವುತ್ತಾರೆ. ಊರು ಹತ್ತಿರವಾದಂತೆ ರಸ್ತೆಗೆ ಅಡ್ಡ ಬಳಿದ ದಪ್ಪ ಬಿಳಿ ಪಟ್ಟಿಗಳು ಗಡಗಡ ಸದ್ದು ಮಾಡುವುದು ಈ ಮಂಪರು ಬಿಡಿಸಲು.

ಹಳ್ಳಿಗಳು ಈ ಮನಶ್ಶಾಸ್ತ್ರವನ್ನು ಯಾವ ಸಂಶೋಧನೆ ಓದದೆಯೇ ಕಂಡುಕೊಂಡಿವೆ. ಶಾಲೆಯ ಮುಂದೆ ಮಗುವೊಂದಕ್ಕೆ ಗಾಡಿ ಗುದ್ದುತ್ತದೆ. ರಸ್ತೆ ತಡೆ, ಧಿಕ್ಕಾರ, ತಹಶೀಲ್ದಾರರ ಭರವಸೆ. ಸಂಜೆಯೊಳಗೆ ಒಂದಷ್ಟು ಜಲ್ಲಿ, ಡಾಂಬರು ಬಂದು ರಸ್ತೆಗೆ ಅಡ್ಡಲಾಗಿ ಒಂದು ಹಂಪ್ ಎದ್ದಿರುತ್ತದೆ. ಅದಕ್ಕೂ ಒಂದು ಮಾನದಂಡ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ದುಂಡು ಹಂಪ್ 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ, 25ರ ವೇಗದಲ್ಲಿ ಮೈ ಕುಲುಕದೆ ದಾಟುವಂಥದ್ದು; ಮುಂಚೆ ಎಚ್ಚರಿಕೆಯ ಫಲಕ, ಮೇಲೆ ಬಣ್ಣ. ಊರವರ ಹಂಪಿನ ಅಗಲ ಒಂದೂವರೆ ಅಡಿ. ಮುಂಚಿನ ಫಲಕವಿಲ್ಲ, ಬಣ್ಣವಿಲ್ಲ. ಬಸ್ಸಿನ ಹಿಂದಿನ ಸೀಟಿನವರು ಎಗರಿ ಬೀಳುತ್ತಾರೆ, ಕಾರಿನ ಹೊಟ್ಟೆ ಕೆರೆಯುತ್ತದೆ, ರಾತ್ರಿ ಹೊಸದಾಗಿ ಬಂದ ಬೈಕಿನವನು ಹಾರಿ ಬಿದ್ದ ಸುದ್ದಿಗಳೂ ಬರುತ್ತವೆ. ಆ ರಸ್ತೆಯಲ್ಲಿ ಪಾಲನೆಯಾಗುವ ಮಿತಿ ಅದೊಂದೇ ಎಂಬುದೂ ಅಷ್ಟೇ ನಿಜ.

ತಪ್ಪು ಕಲ್ಪನೆ: ಜೋರಾಗಿ ಹೋದರೆ ಬೇಗ ತಲುಪುತ್ತೇವೆ

ಎಷ್ಟು ಬೇಗ? ಬೆಂಗಳೂರು–ಮೈಸೂರು ಹೆದ್ದಾರಿ ಸುಮಾರು 119 ಕಿ.ಮೀ. ಎಲ್ಲೂ ನಿಲ್ಲದೆ ನೂರರಲ್ಲಿ ಹೋದರೆ 71 ನಿಮಿಷ, ನೂರಿಪ್ಪತ್ತರಲ್ಲಿ 60. ಕಾಗದದ ಮೇಲಿನ ಲಾಭ ಹನ್ನೆರಡು ನಿಮಿಷಕ್ಕೆ ಹತ್ತಿರ. ಅದರಲ್ಲಿ ಶೇಷಗಿರಿಹಳ್ಳಿಯ ಟೋಲ್‌ನ ಸಾಲು ಎಷ್ಟು ನುಂಗುತ್ತದೆ, ಗಣಂಗೂರಿನದು ಎಷ್ಟು, ನಾಯಂಡಹಳ್ಳಿಯ ಸಿಗ್ನಲ್ ಎಷ್ಟು ಎಂದು ಓಡಾಡುವವರಿಗೆ ಗೊತ್ತು.

ಮನುಷ್ಯನ ಮನಸ್ಸು ಈ ಲೆಕ್ಕದಲ್ಲಿ ಒಂದೇ ಬಗೆಯಲ್ಲಿ ತಪ್ಪುತ್ತದೆ. ಹತ್ತು ಕಿ.ಮೀ. ದಾರಿಯನ್ನು 20ರ ಬದಲು 40ರಲ್ಲಿ ಹೋದರೆ ಹದಿನೈದು ನಿಮಿಷ ಉಳಿಯುತ್ತದೆ. ಅದೇ ಹತ್ತು ಕಿ.ಮೀ.ಯನ್ನು 100ರ ಬದಲು 120ರಲ್ಲಿ ಹೋದರೆ ಉಳಿಯುವುದು ಒಂದು ನಿಮಿಷ. ಏರಿದ್ದು ಎರಡೂ ಕಡೆ ಇಪ್ಪತ್ತೇ. ಹೆದ್ದಾರಿಯಲ್ಲಿ ಜೋರು ಹೊಡೆದು ಸಮಯ ಗೆದ್ದೆ ಎಂದುಕೊಳ್ಳುವವರು ನಿಜವಾಗಿ ಕಳೆದುಕೊಳ್ಳುವುದು ಊರೊಳಗಿನ ಕೊನೆಯ ಐದು ಕಿಲೋಮೀಟರಿನಲ್ಲಿ. ಅತ್ತ ಡಿಕ್ಕಿಯ ಶಕ್ತಿ ಮಾತ್ರ ನೂರಕ್ಕಿಂತ ನೂರಿಪ್ಪತ್ತಕ್ಕೆ ಶೇ 44ರಷ್ಟು ಹೆಚ್ಚಿರುತ್ತದೆ.

ತಪ್ಪು ಕಲ್ಪನೆ: ಕ್ಯಾಮೆರಾ, ಸ್ಪೀಡ್ ಗನ್ ಎಲ್ಲ ಖಜಾನೆ ತುಂಬಲು, ದಂಡ ಹೆಚ್ಚಿಸಿದರೆ ಸರಿಹೋಗುತ್ತದೆ

2019ರ ತಿದ್ದುಪಡಿಯ ನಂತರ ಕಾಯ್ದೆಯ 183ನೇ ಕಲಂ ಪ್ರಕಾರ ಲಘು ವಾಹನಕ್ಕೆ ಸಾವಿರದಿಂದ ಎರಡು ಸಾವಿರ, ಮಧ್ಯಮ ಮತ್ತು ಭಾರಿ ವಾಹನಕ್ಕೆ ಎರಡರಿಂದ ನಾಲ್ಕು ಸಾವಿರ ರೂಪಾಯಿ ದಂಡ. ಪೊಲೀಸಪ್ಪ ಕಣ್ಣಂದಾಜಿನಲ್ಲಿ ‘ನೀನು ಜೋರಾಗಿ ಬಂದೆ’ ಎಂದರೆ ಸಾಲದು. ಒಬ್ಬ ಸಾಕ್ಷಿಯ ಅಭಿಪ್ರಾಯದ ಮೇಲಷ್ಟೇ ಶಿಕ್ಷೆ ಕೊಡುವಂತಿಲ್ಲ, ಯಂತ್ರದ ಅಳತೆ ಬೇಕು ಎಂದು ಅದೇ ಕಲಂ ಹೇಳುತ್ತದೆ. 2021ರಲ್ಲಿ ಸೇರಿದ 167ಎ ನಿಯಮದಂತೆ ಯಂತ್ರಕ್ಕೆ ಪ್ರಮಾಣಪತ್ರ ಇರಬೇಕು, ಕ್ಯಾಮೆರಾ ಇದೆ ಎಂಬ ಫಲಕ ಮೊದಲೇ ಕಾಣಬೇಕು. ಹೊಂಚು ಹಾಕಿ ಹಿಡಿಯುವುದೇ ಉದ್ದೇಶವಾಗಿದ್ದರೆ ಇಂಥ ನಿಯಮ ಇರುತ್ತಿರಲಿಲ್ಲ.

ದಂಡದ ಮೊತ್ತಕ್ಕಿಂತ ಸಿಕ್ಕಿಬೀಳುವ ಖಾತ್ರಿ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ಬಹಳ ಕಡೆ ಕಂಡುಬಂದ ಸಂಗತಿ. ನಮ್ಮ ಚಾಲಕರ ನಡತೆಯೂ ಅದನ್ನೇ ಹೇಳುತ್ತದೆ. ಎದುರಿನಿಂದ ಬರುವವನು ಎರಡು ಸಲ ಲೈಟ್ ಮಿಣುಕಿಸಿದರೆ ಮುಂದೆ ಪೊಲೀಸರ ಇಂಟರ್‌ಸೆಪ್ಟರ್ ವಾಹನ ನಿಂತಿದೆ ಎಂದರ್ಥ. ಅಪರಿಚಿತರ ನಡುವೆ ಇಷ್ಟು ಪ್ರಾಮಾಣಿಕ ಸಹಕಾರ ನಮ್ಮ ರಸ್ತೆಗಳಲ್ಲಿ ಬೇರೆಲ್ಲೂ ಕಾಣೆ. ಕ್ಯಾಮೆರಾ ಕಂಬದ ಕೆಳಗೆ ಎಲ್ಲರೂ 98, ಅದು ದಾಟಿ ಇನ್ನೂರು ಮೀಟರಿಗೆ ಮತ್ತೆ 125. ಈ ಕುಪ್ಪಳಿಕೆ ತಪ್ಪಿಸಲೆಂದೇ ನೆದರ್ಲೆಂಡ್ಸ್, ಬ್ರಿಟನ್ ಮುಂತಾದೆಡೆ ಎರಡು ಕಂಬಗಳ ನಡುವಿನ ಸರಾಸರಿ ವೇಗ ಅಳೆಯುವ ಕ್ಯಾಮೆರಾಗಳನ್ನು ಹಾಕಿದ್ದಾರೆ. ಅಲ್ಲಿ ಒಂದು ಜಾಗದಲ್ಲಿ ಬ್ರೇಕ್ ಒತ್ತಿ ಪ್ರಯೋಜನವಿಲ್ಲ.

ಖಾತ್ರಿಯನ್ನು ಸಡಿಲಿಸುವ ಕೆಲಸವನ್ನು ಸರ್ಕಾರವೂ ಮಾಡುತ್ತದೆ. 2023ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಾಗ ಠಾಣೆಗಳ ಮುಂದೆ ಸಾಲು ನಿಂತಿತು. ವಸೂಲಿ ಭರ್ಜರಿಯಾಗಿ ಆಯಿತು. ರಿಯಾಯಿತಿ ಆಮೇಲೂ ಬಂತು. ಚಲನ್ ಬಂದರೆ ಮುಂದಿನ ಆಫರ್‌ಗೆ ಕಾಯೋಣ ಎಂದು ಜನ ಕಲಿತರೆ ಅವರನ್ನು ಬೈಯುವುದು ಹೇಗೆ?

ಇನ್ನೊಂದೆಡೆ, 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದವರ ಮೇಲೆ ದಂಡದ ಜೊತೆಗೆ ಎಫ್‌ಐಆರ್ ಕೂಡ ಹಾಕಲು ಪೊಲೀಸರು ಶುರುಮಾಡಿದರು. ಮೈಸೂರು ಹೆದ್ದಾರಿಯಲ್ಲಿ ಸಾವು ಆ ವೇಳೆಗೆ ಗಣನೀಯವಾಗಿ ಇಳಿದಿತ್ತು. ಕ್ಯಾಮೆರಾ ಇಳಿಸಿತು ಎನ್ನುವವರಿದ್ದಾರೆ, ಬೈಕ್ ನಿಷೇಧ ಇಳಿಸಿತು ಎನ್ನುವವರಿದ್ದಾರೆ. ಎರಡೂ, ಜೊತೆಗೆ ರಸ್ತೆಯ ದುರಸ್ತಿಗಳೂ ಒಂದೇ ಅವಧಿಯಲ್ಲಿ ಬಂದದ್ದರಿಂದ ಯಾರ ಪಾಲು ಎಷ್ಟೆಂದು ಬೇರ್ಪಡಿಸಿ ಹೇಳುವವರನ್ನು ನಾನು ಅನುಮಾನದಿಂದಲೇ ನೋಡುತ್ತೇನೆ.

ತಪ್ಪು ಕಲ್ಪನೆ: ಮುಕ್ಕಾಲು ಪಾಲು ಸಾವಿಗೆ ಮಿತಿ ಮೀರಿದ ವೇಗವೇ ಕಾರಣವೆಂದು ಸರ್ಕಾರಿ ಅಂಕಿಅಂಶವೇ ಹೇಳುತ್ತದೆ

ಹೇಳುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅದರಲ್ಲಿ ಶೇ 71ರಷ್ಟು ಅತಿವೇಗದ ಖಾತೆಗೆ ಬರೆಯಲ್ಪಟ್ಟಿತು. ಆದರೆ ಆ ಖಾತೆ ತುಂಬುವುದು ಹೇಗೆಂದು ನೋಡಬೇಕು. ನಮ್ಮ ಯಾವ ಊರಿನ ಅಪಘಾತದ ಎಫ್‌ಐಆರ್ ತೆಗೆದರೂ ‘ಅತಿವೇಗ ಹಾಗೂ ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು’ ಎಂಬ ಸಾಲು ಅಚ್ಚಿನಿಂದ ತೆಗೆದಂತೆ ಇರುತ್ತದೆ. ಸ್ಥಳದಲ್ಲಿ ವೇಗ ಅಳೆದವರು ಯಾರೂ ಇರುವುದಿಲ್ಲ. ಗುಂಡಿ, ಬೆಳಕಿಲ್ಲದ ಡಿವೈಡರ್ ತುದಿ, ಹೆದ್ದಾರಿಗೆ ಏಕಾಏಕಿ ತೆರೆದುಕೊಳ್ಳುವ ಅಡ್ಡರಸ್ತೆ, ಇವಕ್ಕೆ ಆ ಸಾಲಿನಲ್ಲಿ ಜಾಗ ಸಿಗುವುದು ಅಪರೂಪ. ಹಾಗೆಂದು ವೇಗ ನಿರಪರಾಧಿಯಲ್ಲ. ಮೇಲಿನ ಹಸುವಿನ ಲೆಕ್ಕ ಮರೆಯುವಂತಿಲ್ಲ. ಶೇ 71 ಎಂಬುದು ಅಳತೆಯಲ್ಲ, ಠಾಣೆಯ ಬರವಣಿಗೆಯ ರೂಢಿಯೂ ಅದರಲ್ಲಿ ಬೆರೆತಿದೆ ಎಂದಷ್ಟೇ ನನ್ನ ಮಾತು.

‘ಅತಿವೇಗ’ ಎಂಬುದು ಸಾಪೇಕ್ಷ ಎಂದು ಸುಪ್ರೀಂ ಕೋರ್ಟ್ 1998ರಲ್ಲಿ ಹೇಳಿದ್ದು ಕರ್ನಾಟಕದ್ದೇ ಒಂದು ಲಾರಿ ಪ್ರಕರಣದಲ್ಲಿ. ಜೋರಾಗಿ ಓಡಿಸುತ್ತಿದ್ದ ಎಂಬ ಮಾತೊಂದರಿಂದಲೇ ದುಡುಕು ಅಥವಾ ನಿರ್ಲಕ್ಷ್ಯ ಸಾಬೀತಾಗದು ಎಂದಿತು ನ್ಯಾಯಪೀಠ. ಇದರ ಇನ್ನೊಂದು ಮಗ್ಗುಲೂ ಇದೆ. ಮಿತಿಯೊಳಗಿದ್ದೂ ವೇಗ ಅತಿಯಾಗಬಹುದು. ಮಂಜು ಕವಿದ ಚಾರ್ಮಾಡಿಯಲ್ಲಿ, ಮಳೆ ಸುರಿಯುವ ಶಿರಾಡಿಯಲ್ಲಿ ಫಲಕದ ಸಂಖ್ಯೆ ಹಿಡಿದು ಹೋಗುವವನು ಕಾನೂನು ಪಾಲಿಸಿಯೂ ಕಮರಿಗೆ ಬೀಳಬಲ್ಲ.

ತಪ್ಪು ಕಲ್ಪನೆ: ಮಿತಿ ತೆಗೆದುಬಿಟ್ಟರೆ ಜನರೇ ಜವಾಬ್ದಾರಿಯಿಂದ ಓಡಿಸುತ್ತಾರೆ, ಜರ್ಮನಿ ನೋಡಿ

ನೋಡೋಣ. ಜರ್ಮನಿಯ ಆಟೋಬಾನ್‌ಗೆ ಎಲ್ಲೆಡೆ ಅನ್ವಯಿಸುವ ಮಿತಿಯಿಲ್ಲ ಎಂಬುದು ನಿಜ, ಆದರೆ ಹಲವು ಭಾಗಗಳಲ್ಲಿ ಸ್ಥಳೀಯ ಮಿತಿಗಳಿವೆ. ಲಾರಿಗೆ 80 ಕಡ್ಡಾಯ. ಊರೊಳಗೆ 50. ಮುಕ್ತ ಭಾಗದಲ್ಲಿಯೂ 130 ಎಂಬ ಸಲಹಾ ವೇಗವಿದೆ. ಅದನ್ನು ಮೀರಿ ಹೋಗಿ ಅಪಘಾತವಾದರೆ ತಪ್ಪು ನಿಮ್ಮದಲ್ಲದಿದ್ದರೂ ಪರಿಹಾರದಲ್ಲಿ ಒಂದು ಪಾಲು ನಿಮ್ಮ ತಲೆಗೆ ಬರಬಹುದೆಂದು ಅಲ್ಲಿನ ಉನ್ನತ ನ್ಯಾಯಾಲಯ 1992ರಲ್ಲೇ ಹೇಳಿದೆ. ಅಲ್ಲಿ ನೆಲೆಸಿರುವ ಕನ್ನಡಿಗರನ್ನು ಕೇಳಿದರೆ ಇನ್ನೂರರ ಕಥೆಗಿಂತ ಮೊದಲು ಲೈಸೆನ್ಸ್ ಪಡೆಯಲು ಪಟ್ಟ ಪಾಡಿನ ಕಥೆ ಬರುತ್ತದೆ.

ಮಿತಿ ತೆಗೆದು ನೋಡಿದ ದೇಶ ಬ್ರಿಟನ್. 1903ರಿಂದ ಇದ್ದ 20 ಮೈಲಿ ಮಿತಿಯನ್ನು ಯಾರೂ ಲೆಕ್ಕಕ್ಕಿಡುತ್ತಿಲ್ಲವೆಂದು 1930ರಲ್ಲಿ ಕಾರುಗಳಿಗೆ ಅದನ್ನು ರದ್ದುಮಾಡಿದರು. ಸಾವಿನ ಸಂಖ್ಯೆ ನೋಡಿ 1935ರಲ್ಲಿ ಊರೊಳಗೆ 30 ಮೈಲಿಯ ಮಿತಿ ಮರಳಿ ತಂದರು.

ತಪ್ಪು ಕಲ್ಪನೆ: ಮಿತಿ ಮೀರಿದರೆ ತಪ್ಪು ಚಾಲಕನದು ಮಾತ್ರ

183ನೇ ಕಲಂ ಅನ್ನು ಕೊನೆಯವರೆಗೆ ಓದುವವರು ಕಡಿಮೆ. ತನ್ನ ಕೈಕೆಳಗಿನವನಿಂದ ಮಿತಿ ಮೀರಿಸಿದ ಮಾಲೀಕನೂ ಅಪರಾಧಿಯೇ ಎಂದು ಅದರ ಮೊದಲ ಉಪಕಲಂ ಹೇಳುತ್ತದೆ. ನಾಲ್ಕನೆಯದು ಇನ್ನೂ ಹರಿತ: ಇಷ್ಟು ಸಮಯದಲ್ಲಿ ಇಂಥಲ್ಲಿಂದ ಇಂಥಲ್ಲಿಗೆ ತಲುಪಬೇಕು ಎಂದು ವೇಳಾಪಟ್ಟಿ ಪ್ರಕಟಿಸಿದರೆ ಅಥವಾ ಸೂಚನೆ ಕೊಟ್ಟರೆ, ಮಿತಿ ಮೀರದೆ ಅದು ಸಾಧ್ಯವಿಲ್ಲವೆಂದು ನ್ಯಾಯಾಲಯಕ್ಕೆ ಕಂಡರೆ, ಆ ಪಟ್ಟಿಯೇ ಅದನ್ನು ಮಾಡಿದವನ ವಿರುದ್ಧ ಮೇಲ್ನೋಟದ ಸಾಕ್ಷ್ಯ. ಬಸ್ಸುಗಳ ಟೈಮಿಂಗ್ ಪೈಪೋಟಿ ಮನಸ್ಸಿನಲ್ಲಿಟ್ಟು ಬರೆದಂತಿರುವ ಈ ಮಾತು ಈಗ ಹತ್ತು ನಿಮಿಷದಲ್ಲಿ ಹಾಲು, ಮೊಟ್ಟೆ ತಲುಪಿಸುವ ಕಾಲಕ್ಕೂ ಸರಿಯಾಗಿ ಒಪ್ಪುತ್ತದೆ. ರಾತ್ರಿ ಒಂಬತ್ತಕ್ಕೆ ಬೆಂಗಳೂರಿನಲ್ಲಿ ಹೊರಟು ಬೆಳಗ್ಗೆ ಇಷ್ಟೊತ್ತಿಗೆ ಕರಾವಳಿ ಮುಟ್ಟಲೇಬೇಕೆಂದು ಸ್ಲೀಪರ್ ಬಸ್ಸಿನ ಡ್ರೈವರ್‌ಗೆ ಹೇಳುವವರಿಗೂ ಒಪ್ಪುತ್ತದೆ. ವೇಳಾಪಟ್ಟಿ ಬರೆದವರ ಮೇಲೆ ಈ ಉಪಕಲಂ ಹಿಡಿದು ಹಾಕಿದ ಒಂದು ಕೇಸೂ ನನ್ನ ಕಣ್ಣಿಗೆ ಬಿದ್ದಿಲ್ಲ. ಡೆಲಿವರಿ ಹುಡುಗರ ಹೆಸರಿಗೆ ಬರೆದ ಚಲನ್‌ಗಳು ಬೇಕಾದಷ್ಟು ಬಿದ್ದಿವೆ.